ಜುಜುರಾಣಾನ ಕೂಗು ಕೇಳಲು ಹೋಗುವವರಿಗೆ

ಡೊಂಬಿವಲಿ, ಮುಲುಂಡ್, ಠಾಣೆಗಳಲ್ಲಿ ಚದುರಿಹೋಗಿರುವ ನಾವು ಹತ್ತು ಹನ್ನೆರಡು ಮಂದಿ ಕನ್ನಡಿಗರು ಭಾನುವಾರದ ಬೆಳಿಗ್ಗೆ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಕರ್ನಾಳಕ್ಕೋ ಭೀಮಾಶಂಕರಕ್ಕೋ ಹೊರಡುವ ರೂಢಿಯನ್ನು ಬಹಳ ವರ್ಷಗಳಿಂದ ಇಟ್ಟುಕೊಂಡು ಬಂದಿದ್ದೇವೆ. ಮಾರ್ಚ್ ಬಂತೆಂದರೆ ಈ ಗುಂಪಿನವರಲ್ಲದೆ ಪುಣೆಯ, ಮಡಗಾಂವ್‌ನ ಪರಿಚಯಸ್ಥರಿಂದಲೂ ಒಂದೇ ಪ್ರಶ್ನೆ ಬರುತ್ತದೆ: "ಮಕ್ಕಳ ರಜೆಗೆ ಕುಲ್ಲು ಕಡೆ ಹೋಗುತ್ತಿದ್ದೇವೆ ಸಾರ್, ಆ ಕೆಂಪು ಕತ್ತಿನ ಚುಕ್ಕೆಕೋಳಿ, ಜುಜುರಾಣಾ, ಎಲ್ಲಿ ಕಾಣುತ್ತದೆ?" ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರಶ್ನೆಯಲ್ಲಿಯೇ ಒಂದು ತಿದ್ದುಪಡಿ ಬೇಕು. ಎಲ್ಲಿ ಕಾಣುತ್ತದೆ ಎಂದು ಕೇಳಿಕೊಂಡು ಹೋದವರು ಬಹುತೇಕ ಬರಿಗೈಯಲ್ಲಿ ಮರಳುತ್ತಾರೆ. ಎಲ್ಲಿ, ಯಾವಾಗ ಕೇಳಿಸುತ್ತದೆ ಎಂದು ವಿಚಾರಿಸಿ ಹೋದವರಿಗೆ ಏನಾದರೂ ದಕ್ಕುತ್ತದೆ. ನಾನು ಮೂರು ಸಲ ಹೋಗಿದ್ದೇನೆ, ಮೊದಲೆರಡು ಸಲ ಕಾಣುವ ಆಸೆಯಿಂದ ಹೋಗಿ ಏನೂ ಸಿಕ್ಕದೆ ಬಂದಿದ್ದೇನೆ, ಮೂರನೆಯ ಸಲ ಕೇಳಲು ಹೋಗಿದ್ದೆ. ಮುಂದಿನ ಸೂಚನೆಗಳೆಲ್ಲ ಹುಟ್ಟಿದ್ದು ಹೆಚ್ಚಾಗಿ ಆ ಮೊದಲೆರಡು ಸಲದ ತಪ್ಪುಗಳಿಂದ.

ಮೊದಲು ಹಕ್ಕಿಯ ವಿಷಯ. ಕುಲ್ಲು ಸೀಮೆಯವರು ಜುಜುರಾಣಾ, ಅಂದರೆ ಹಕ್ಕಿಗಳ ರಾಜ, ಎಂದು ಕರೆಯುವ ಇದರ ಪುಸ್ತಕದ ಹೆಸರು ವೆಸ್ಟರ್ನ್ ಟ್ರಾಗೋಪಾನ್. ವೈಜ್ಞಾನಿಕ ಹೆಸರು ಟ್ರಾಗೋಪಾನ್ ಮೆಲನೋಸೆಫಾಲಸ್, ಕರಿತಲೆಯ ಟ್ರಾಗೋಪಾನ್ ಎಂದು ಅದರ ಅರ್ಥ. ನಮ್ಮ ನವಿಲು, ಸಹ್ಯಾದ್ರಿಯ ಕಾಡುಕೋಳಿ ಸೇರುವ ಫೆಸೆಂಟ್ ಕುಟುಂಬಕ್ಕೇ ಇದೂ ಸೇರಿದ್ದು. ಜಗತ್ತಿನಲ್ಲಿರುವ ಐದು ಬಗೆಯ ಟ್ರಾಗೋಪಾನ್‌ಗಳ ಪೈಕಿ ಎಲ್ಲಕ್ಕಿಂತ ಪಶ್ಚಿಮದಲ್ಲಿ, ಪಾಕಿಸ್ತಾನದ ಉತ್ತರ ಭಾಗದಿಂದ ಕಾಶ್ಮೀರ, ಹಿಮಾಚಲಗಳ ಮೂಲಕ ಉತ್ತರಾಖಂಡದ ಪಶ್ಚಿಮ ಅಂಚಿನವರೆಗೆ ಮಾತ್ರ ಇದು ಬದುಕುತ್ತದೆ. ಎಲ್ಲ ಸೇರಿ ಹತ್ತು ಸಾವಿರದ ಒಳಗೇ ಉಳಿದಿವೆ ಎಂಬುದು ಅಂದಾಜು. ಆದ್ದರಿಂದಲೇ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಇದು ವಲ್ನರಬಲ್, ಅಳಿವಿನ ಅಪಾಯಕ್ಕೆ ಸಿಲುಕಿದ ಪ್ರಭೇದ, ಎಂಬ ವರ್ಗದಲ್ಲಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿಯೂ ಇದೆ. 2007ರಲ್ಲಿ ಹಿಮಾಚಲ ಪ್ರದೇಶವು ಮೊನಾಲ್ ಹಕ್ಕಿಯನ್ನು ಬಿಟ್ಟು ಜುಜುರಾಣಾವನ್ನು ರಾಜ್ಯಪಕ್ಷಿಯಾಗಿ ಸ್ವೀಕರಿಸಿತು. ಲೋಕದ ಹಕ್ಕಿಗಳೆಲ್ಲ ತಮ್ಮ ತಮ್ಮ ಅತಿ ಚೆಲುವಾದ ಒಂದೊಂದು ಗರಿಯನ್ನು ಕೊಟ್ಟು ಇದನ್ನು ಮಾಡಿದವು ಎಂಬ ಕತೆ ಆ ಕಣಿವೆಗಳಲ್ಲಿದೆ. ಗಂಡಿನ ಚಿತ್ರವನ್ನು ನೋಡಿದರೆ ಕತೆ ಹುಟ್ಟಿದ್ದಕ್ಕೆ ಆಶ್ಚರ್ಯವೇನೂ ಆಗುವುದಿಲ್ಲ: ಕಪ್ಪು ತಲೆ, ಕೆಂಪು ಮುಖ, ಬೆಂಕಿಯ ಬಣ್ಣದ ಕತ್ತು, ಕಪ್ಪುಬೂದು ಮೈತುಂಬ ಅಕ್ಕಿಕಾಳು ಚೆಲ್ಲಿದಂತೆ ಬಿಳಿಯ ಬೊಟ್ಟುಗಳು. ಹೆಣ್ಣು ಬೂದುಕಂದು ಬಣ್ಣದ್ದು. ಒಣಗಿದ ಎಲೆಗಳ ಮೇಲೆ ಅದು ಕುಳಿತಿದ್ದರೆ ಅದು ಅಲುಗುವ ತನಕ ನಿಮಗೆ ಗೊತ್ತಾಗುವುದಿಲ್ಲ.

ಇಷ್ಟು ಬಣ್ಣವಿರುವ, ಎರಡು ಕಿಲೋ ತೂಗುವ ಗಂಡು ಹಕ್ಕಿ ಏಕೆ ಕಾಣುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಪ್ರವಾಸದ ಅರ್ಧ ಸಿದ್ಧತೆ ಮುಗಿದ ಹಾಗೆ. ಬೇಸಿಗೆಯಲ್ಲಿ ಇದು ಸಮುದ್ರಮಟ್ಟದಿಂದ ಸುಮಾರು 2,400ರಿಂದ 3,600 ಮೀಟರ್ ಎತ್ತರದಲ್ಲಿ, ಫರ್, ಸ್ಪ್ರೂಸ್ ಮತ್ತು ಖರ್ಸು ಎಂಬ ಓಕ್ ಮರಗಳ ಕೆಳಗೆ ರಿಂಗಾಲ್ ಬಿದಿರು ದಟ್ಟವಾಗಿ ಬೆಳೆದಿರುವ ಕಡಿದಾದ ಇಳಿಜಾರುಗಳಲ್ಲಿ ಇರುತ್ತದೆ. ರಿಂಗಾಲ್ ನಮ್ಮ ಸಹ್ಯಾದ್ರಿಯ ಬಿದಿರಿನಂತೆ ಆನೆಗಾತ್ರದ್ದಲ್ಲ. ಬೆರಳಿನಷ್ಟು ದಪ್ಪ, ಆಳೆತ್ತರ, ಆದರೆ ಒಂದಕ್ಕೊಂದು ತಾಗಿಕೊಂಡು ಬೆಳೆಯುತ್ತದೆ. ಅದರೊಳಗೆ ಮನುಷ್ಯ ಹತ್ತು ಹೆಜ್ಜೆ ಇಟ್ಟರೆ ನೂರು ಗಜ ದೂರಕ್ಕೆ ಸದ್ದು ಹೋಗುತ್ತದೆ. ಹಕ್ಕಿ ನಿಮ್ಮನ್ನು ಕೇಳಿಸಿಕೊಂಡ ಬಳಿಕ ಹಾರುವುದು ಅಪರೂಪ, ತಲೆ ತಗ್ಗಿಸಿ ಬಿದಿರಿನೊಳಗೆ ನಡೆದುಬಿಡುತ್ತದೆ. ಅಂದರೆ ಇದನ್ನು ಬದುಕಿಸಿರುವ ಪೊದೆಯೇ ಇದನ್ನು ನಿಮ್ಮಿಂದ ಮರೆಮಾಡುವ ಪೊದೆ. ಪೊದೆ ತೆಳುವಾದ ಕಡೆ ಹಕ್ಕಿ ಸುಲಭವಾಗಿ ಕಾಣಬಹುದಲ್ಲ ಎಂದು ಯೋಚಿಸುವುದು ವ್ಯರ್ಥ; ದನ ಕುರಿ ಮೇಯ್ದು, ಸೌದೆ ಸೊಪ್ಪು ಕಡಿದು ಪೊದೆ ತೆಳುವಾದ ಕಡೆ ಹಕ್ಕಿಯೇ ಇರುವುದಿಲ್ಲ.

ಇನ್ನು ಕಾಲ. ನನ್ನ ಮೊದಲನೆಯ ಪ್ರವಾಸ ಜೂನ್ ಕೊನೆಗೆ, ಎರಡನೆಯದು ಅಕ್ಟೋಬರಿನಲ್ಲಿ. ಅಕ್ಟೋಬರಿನಲ್ಲಿ ಆಕಾಶ ಗಾಜಿನಂತೆ ಸ್ವಚ್ಛ, ದಾರಿ ಒಣಗಿರುತ್ತದೆ, ಕಾಡು ಮಾತ್ರ ಮೌನ. ಗಂಡುಗಳು ಬೆಳಗಿನ ಜಾವ ತಪ್ಪದೆ ಕೂಗುವುದು ಸಂತಾನದ ಋತುವಿನಲ್ಲಿ, ಏಪ್ರಿಲ್‌ನ ಕೊನೆಯಿಂದ ಜೂನ್‌ನ ಮೊದಲ ದಿನಗಳವರೆಗೆ. ನನ್ನನ್ನು ಕೇಳಿದರೆ ಮೇ ತಿಂಗಳ ಎರಡನೆಯ ಮತ್ತು ಮೂರನೆಯ ವಾರಗಳೇ ಸೂಕ್ತ. ಅಷ್ಟು ಹೊತ್ತಿಗೆ ಮೇಲಿನ ದಾರಿಗಳ ಹಿಮ ಬಹುಮಟ್ಟಿಗೆ ಕರಗಿರುತ್ತದೆ, ಮಹಾರಾಷ್ಟ್ರದ ಶಾಲೆಗಳಿಗೂ ರಜೆ ಇರುತ್ತದೆ. ಜುಲೈ, ಆಗಸ್ಟ್‌ಗಳಲ್ಲಿ ಆ ಕಡೆಯ ರಸ್ತೆಗಳು ಕುಸಿಯುತ್ತವೆ, ಹೋಗಲೇಬೇಡಿ. ಚಳಿಗಾಲದಲ್ಲಿ ಹಕ್ಕಿ ಹಿಮದಿಂದ ತಪ್ಪಿಸಿಕೊಂಡು ಕೆಳಗಿನ ಕಾಡಿಗೆ ಇಳಿಯುತ್ತದೆಯಾದರೂ ಅದಕ್ಕೆ ಮೇವು ಕಡಿಮೆ ಇರುವ, ಮೈಯ ಶಕ್ತಿಯನ್ನು ಎಣಿಸಿ ಖರ್ಚು ಮಾಡಬೇಕಾದ ದಿನಗಳು ಅವು. ಆಗ ಹಿಂದೆ ಬಿದ್ದು ಓಡಿಸುವುದು ಸಲ್ಲದು.

ಸ್ಥಳವಾಗಿ ನಾನು ಹೇಳುವುದು ಒಂದನ್ನೇ, ಕುಲ್ಲು ಜಿಲ್ಲೆಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ. 1984ರಲ್ಲಿ ರೂಪುಗೊಂಡು 1999ರಲ್ಲಿ ಪೂರ್ಣಪ್ರಮಾಣದ ಅಧಿಸೂಚನೆ ಪಡೆದ ಈ 754 ಚದರ ಕಿಲೋಮೀಟರ್ ಕಾಡನ್ನು ಯುನೆಸ್ಕೋ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಶ್ಚಿಮ ಹಿಮಾಲಯದ ಐದು ಫೆಸೆಂಟ್‌ಗಳು, ಅಂದರೆ ಕಾಲಿಜ್, ಕೊಕ್ಲಾಸ್, ಚೀರ್, ಮೊನಾಲ್ ಮತ್ತು ಜುಜುರಾಣಾ, ಇಲ್ಲಿ ಒಂದೇ ಪರ್ವತದ ಬೇರೆ ಬೇರೆ ಮಟ್ಟಗಳಲ್ಲಿ ಇವೆ. ಒಳಗೆ ವಾಹನದ ರಸ್ತೆಯಿಲ್ಲ, ಸಫಾರಿಯ ಜೀಪಿಲ್ಲ. ನಡೆಯದೆ ಬೇರೆ ದಾರಿಯಿಲ್ಲ, ಅದೇ ಅದರ ಪುಣ್ಯ.

ನಮ್ಮ ಊರುಗಳಿಂದ ಹೋಗುವ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮುಂಬಯಿಯವರು ಬಾಂದ್ರಾ ಟರ್ಮಿನಸ್‌ನಿಂದ ಪಶ್ಚಿಮ್ ಎಕ್ಸ್‌ಪ್ರೆಸ್ ಹಿಡಿದು, ಪುಣೆಯವರು ಝೇಲಂ ಎಕ್ಸ್‌ಪ್ರೆಸ್ ಹಿಡಿದು ಅಂಬಾಲಾದಲ್ಲಿ ಇಳಿಯಬಹುದು. ಗೋವೆಯವರಿಗೆ ಮಡಗಾಂವ್‌ನಿಂದ ಚಂಡೀಗಢದವರೆಗೇ ಗೋವಾ ಸಂಪರ್ಕ ಕ್ರಾಂತಿ ಇದೆ, ಆದರೆ ಅದು ಪ್ರತಿದಿನದ ಗಾಡಿಯಲ್ಲ. ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ. ಮೇ ತಿಂಗಳ ಟಿಕೆಟ್ಟನ್ನು ತೆರೆದ ದಿನ ಬೆಳಿಗ್ಗೆಯೇ ತೆಗೆಯದಿದ್ದರೆ ವೇಟಿಂಗ್ ಲಿಸ್ಟನ್ನು ನೋಡುತ್ತ ಕೂರಬೇಕಾಗುತ್ತದೆ. ಅಂಬಾಲಾದಿಂದಲೋ ಚಂಡೀಗಢದಿಂದಲೋ ಮನಾಲಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಔಟ್ ಎಂಬ ಊರಿಗೆ ಟಿಕೆಟ್ ತೆಗೆದುಕೊಳ್ಳಿ, ಸುರಂಗದ ಒಳಗೆ ಹೋಗುವ ಮೊದಲೇ ಇಳಿಸಬೇಕೆಂದು ಕಂಡಕ್ಟರಿಗೆ ಎರಡು ಸಲ ಹೇಳಿ, ಹೇಳಿದ ಮೇಲೂ ಎಚ್ಚರವಾಗಿರಿ. ನಾನು ಮೊದಲ ಸಲ ನಿದ್ದೆಹೋಗಿ ಸುಮಾರು ಮೂರು ಕಿಲೋಮೀಟರ್ ಉದ್ದದ ಆ ಸುರಂಗದ ಆಚೆ ಇಳಿದು, ಬೆಳಗಿನ ಚಳಿಯಲ್ಲಿ ಮರಳಿ ಬರಲು ಗಾಡಿಗಾಗಿ ಕಾದ ಕತೆ ನಮ್ಮ ಗುಂಪಿನಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಔಟ್‌ನಿಂದ ಬಂಜಾರ್, ಅಲ್ಲಿಂದ ತೀರ್ಥನ್ ನದಿಯ ದಂಡೆಯ ಗುಶೈನಿ. ನಡುವೆ ಸಾಯಿ ರೋಪಾದಲ್ಲಿ ಉದ್ಯಾನದ ಕಚೇರಿಯಿದೆ, ಪ್ರವೇಶದ ಪರವಾನಗಿಯನ್ನು ಅಲ್ಲಿಯೇ ವಿಚಾರಿಸಿಕೊಳ್ಳಬೇಕು. ಗುರುತಿನ ಚೀಟಿಯ ಎರಡು ಮೂರು ಜೆರಾಕ್ಸ್ ಪ್ರತಿಗಳು ಜೊತೆಯಲ್ಲಿರಲಿ. ಮಾರ್ಗದರ್ಶಿಯನ್ನು ಸುತ್ತಲ ಹಳ್ಳಿಗಳವರಲ್ಲಿಯೇ ಗೊತ್ತುಮಾಡಿಕೊಳ್ಳಿ. ದೆಹಲಿಯಿಂದ ಗುಂಪು ಕಟ್ಟಿಕೊಂಡು ಬರುವವರಿಗೆ ಶಿಖರಗಳ ಹೆಸರು ಗೊತ್ತಿರುತ್ತದೆ, ಯಾವ ಮರದ ಕಡೆಯಿಂದ ಕೂಗು ಬರುತ್ತದೆ ಎಂಬುದು ಹಳ್ಳಿಯವರಿಗೇ ಗೊತ್ತು. ಗೊತ್ತುಮಾಡಿಕೊಳ್ಳುವಾಗ ಚಾರಣ ಎನ್ನಬೇಡಿ, ಜುಜುರಾಣಾನ ದನಿ ಕೇಳಬೇಕು ಎನ್ನಿ. ಆ ಒಂದು ಮಾತಿಗೆ ನಡಿಗೆಯ ಲೆಕ್ಕವೇ ಬದಲಾಗುತ್ತದೆ.

ಗುಶೈನಿಯಿಂದ ನದಿಯ ಪಕ್ಕದಲ್ಲಿ ಒಂದು ದಿನ ನಡೆದರೆ ಸುಮಾರು 2,100 ಮೀಟರ್ ಎತ್ತರದ ರೋಲ್ಲಾ. ಮರುದಿನ ಅಲ್ಲಿಂದ ಹೆಚ್ಚುಕಡಿಮೆ ಒಂದು ಸಾವಿರ ಮೀಟರ್ ಏರಿದರೆ ಶಿಲ್ಟ್ ಎಂಬ ಹುಲ್ಲುಬಯಲು. ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ ಕಳಸೂಬಾಯಿ 1,646 ಮೀಟರ್, ಅಂದರೆ ನಮ್ಮ ಕಡೆಯ ತುತ್ತತುದಿ ಅಲ್ಲಿಯ ಮೊದಲನೆಯ ರಾತ್ರಿಯ ತಂಗುದಾಣಕ್ಕಿಂತ ತಗ್ಗು. ಸಮುದ್ರದ ಪಕ್ಕದ ಊರುಗಳಲ್ಲಿ ಲಿಫ್ಟಿನಲ್ಲಿ ಏರಿಳಿಯುವ ನಮಗೆ ರೋಲ್ಲಾದಿಂದ ಮೇಲಿನ ಏರು ಕೊಡುವ ಪೆಟ್ಟು ಮೊಣಕಾಲಿಗಿಂತ ಉಸಿರಿಗೆ ಹೆಚ್ಚು. ಪುಣೆಯವರು ಎರಡು ತಿಂಗಳು ಮೊದಲಿನಿಂದ ವಾರಕ್ಕೊಮ್ಮೆ ಸಿಂಹಗಡವನ್ನು ನಡೆದು ಹತ್ತಲಿ, ಕೊನೆಯ ನಾಲ್ಕು ವಾರ ಬೆನ್ನಿಗೆ ಆರೇಳು ಕಿಲೋ ಹೊರೆ ಹಾಕಿಕೊಂಡು. ಮುಂಬಯಿಯವರಿಗೆ ಕಟ್ಟಡದ ಮೆಟ್ಟಿಲೇ ಗತಿ. ನಮ್ಮ ಏಳು ಮಹಡಿಯನ್ನು ನಾನು ದಿನಕ್ಕೆ ಹತ್ತು ಸಲ ಹತ್ತಿಳಿಯುತ್ತಿದ್ದಾಗ ವಾಚ್‌ಮನ್ನು ಏನನ್ನೋ ಕಳೆದುಕೊಂಡಿದ್ದೇನೆಂದು ಭಾವಿಸಿ ತಾನೂ ಹುಡುಕಲು ಬಂದಿದ್ದ. ಏದುಸಿರು ಬಿಡುತ್ತಿರುವವನ ಕಿವಿಗೆ ತನ್ನ ಉಸಿರೇ ತುಂಬಿರುತ್ತದೆ, ಹಕ್ಕಿಯ ದನಿ ತೂರುವುದಿಲ್ಲ. ಈ ಅಭ್ಯಾಸ ಮೈಗಿಂತ ಕಿವಿಗಾಗಿ ಎಂದುಕೊಳ್ಳಿ.

ಕಿವಿಯ ನಿಜವಾದ ಪಾಠವನ್ನು ಮನೆಯ ಹತ್ತಿರವೇ ಕಲಿಯಬೇಕು, ಅದಕ್ಕೆ ನಮ್ಮಲ್ಲಿ ಒಳ್ಳೆಯ ಮೇಷ್ಟ್ರು ಇದ್ದಾನೆ. ಬೂದು ಕಾಡುಕೋಳಿ ಜುಜುರಾಣಾನ ಕುಟುಂಬದ್ದೇ. ಇದೂ ಬೆಳಗಿನ ಜಾವ ಕೂಗುತ್ತದೆ, ಇದೂ ಪೊದೆ ಬಿಟ್ಟು ಹೊರಗೆ ಬರಲು ಹಿಂಜರಿಯುತ್ತದೆ. ಗೋವೆಯ ಮೊಲ್ಲೆಂ, ಕೋಟಿಗಾಂವ್ ಕಾಡುಗಳಲ್ಲಿ, ಭೀಮಾಶಂಕರ, ಮಹಾಬಳೇಶ್ವರಗಳ ಸುತ್ತಿನಲ್ಲಿ ಇದರ ಒಡಕು ದನಿಯ ಕೂಗು ಯಾರಿಗಾದರೂ ಕೇಳಿಸುತ್ತದೆ. ಕೇಳಿಸಿದ ಕೂಡಲೇ ದುರ್ಬೀನು ಎತ್ತಬೇಡಿ. ನಿಂತಲ್ಲಿಯೇ ನಿಂತು, ಕೂಗು ಬಂದ ಕಡೆ ಕೈಚಾಚಿ, ಆ ದಿಕ್ಕನ್ನು ಫೋನಿನ ದಿಕ್ಸೂಚಿಯಲ್ಲಿ ನೋಡಿ ಡಿಗ್ರಿಯನ್ನು ಬರೆದುಕೊಳ್ಳಿ, ಗಂಟೆ ನಿಮಿಷ ಬರೆಯಿರಿ, ದೂರವನ್ನು ಊಹಿಸಿ ಬರೆಯಿರಿ. ಗೆಳೆಯರೊಬ್ಬರು ಇನ್ನೂರು ಮುನ್ನೂರು ಮೀಟರ್ ಆಚೆ ನಿಂತು ಇದನ್ನೇ ಮಾಡಲಿ. ಆಮೇಲೆ ಇಬ್ಬರ ಗೆರೆಗಳನ್ನು ನಕಾಶೆಯ ಮೇಲೆ ಎಳೆದು ಅವು ಕೂಡುವ ಜಾಗಕ್ಕೂ ನಿಮ್ಮ ಊಹೆಗೂ ಎಷ್ಟು ಅಂತರವೆಂದು ನೋಡಿ. ನನ್ನ ಮೊದಲ ಊಹೆಗಳು ನಾಚಿಕೆಯಾಗುವಷ್ಟು ತಪ್ಪಾಗಿದ್ದವು. ಗುಡ್ಡದ ಆಚೆಯ ಕೋಳಿಯನ್ನು ಈಚೆಯದೆಂದು, ಒಂದನ್ನು ಎರಡೆಂದು ಬರೆದಿದ್ದೆ. ಎಂಟು ಹತ್ತು ಬೆಳಗುಗಳಾದ ಮೇಲೆ ಕಿವಿ ಪಳಗುತ್ತದೆ. ಹಿಮಾಲಯದ ಫೆಸೆಂಟ್‌ಗಳನ್ನು ಎಣಿಸುವವರೂ ಮಾಡುವುದು ಇದನ್ನೇ: ಗೊತ್ತುಪಡಿಸಿದ ಜಾಗಗಳಲ್ಲಿ ಬೆಳಕು ಹರಿಯುವ ಮುನ್ನ ನಿಂತು ಕೂಗುವ ಗಂಡುಗಳನ್ನು ದಿಕ್ಕಿನ ಸಮೇತ ಎಣಿಸುತ್ತಾರೆ, ಕಂಡದ್ದನ್ನು ಎಣಿಸಲು ಹೋದರೆ ಎಣಿಕೆಯೇ ಆಗುವುದಿಲ್ಲ.

ಇದರೊಂದಿಗೆ ಜುಜುರಾಣಾನ ಕೂಗಿನ ಧ್ವನಿಮುದ್ರಣವನ್ನು ಮನೆಯಲ್ಲಿಯೇ ಹಲವು ಸಲ ಕೇಳಿಕೊಳ್ಳಬೇಕು. ಮೂಗಿನಿಂದ ಹೊರಡುವ, ಎಳೆದ "ವಾ... ವಾ... ವಾ..." ಎಂಬ ಅಳು ಅದು, ತಾಯಿಯನ್ನು ಕಳೆದುಕೊಂಡ ಆಡಿನ ಮರಿ ಕೂಗಿದಂತೆ, ಕೆಲವರಿಗೆ ಮಗು ಅತ್ತಂತೆ ಕೇಳಿಸುತ್ತದೆ. ಟ್ರಾಗೋಪಾನ್ ಎಂಬ ಹೆಸರಿನ ಮೊದಲರ್ಧಕ್ಕೆ ಗ್ರೀಕಿನಲ್ಲಿ ಹೋತವೆಂದೇ ಅರ್ಥ. ಗಂಡು ಹೆಣ್ಣನ್ನು ಒಲಿಸುವಾಗ ತಲೆಯ ಮೇಲೆ ಎಬ್ಬಿಸುವ ಎರಡು ಮಾಂಸಲ ಕೊಂಬುಗಳಿಂದ ಆ ಹೆಸರು ಬಂದಿತಾದರೂ ದನಿಗೂ ಅದು ಹೊಂದುತ್ತದೆ. ಬಂಜಾರಿನ ಆಸುಪಾಸಿನಲ್ಲಿ ನಿಜವಾದ ಆಡುಗಳು ಬೇಕಾದಷ್ಟಿವೆ, ನಾನೊಮ್ಮೆ ಗುಶೈನಿಯ ಮನೆಯೊಂದರ ಹಿತ್ತಲಿನ ಮರಿಯ ಕೂಗಿಗೆ ಹಾಸಿಗೆ ಬಿಟ್ಟು ಓಡಿದ್ದುಂಟು. ಅಲ್ಲಿಯ ಉಳಿದ ದನಿಗಳನ್ನೂ ಕಲಿತಿರಿ. ಕೊಕ್ಲಾಸ್ ತನ್ನ ಹೆಸರನ್ನೇ ಗಂಟಲು ಕಟ್ಟಿದವನಂತೆ ಒದರುತ್ತದೆ, ಅದೂ ಅದೇ ಹೊತ್ತಿಗೆ. ಮೊನಾಲ್‌ನದು ಚೂಪಾದ ಸಿಳ್ಳೆ. ಕೆಳಗಿನ ಕಾಡಿನಲ್ಲಿ ಕಾಡುಕುರಿ ನಾಯಿಯಂತೆ ಬೊಗಳುತ್ತದೆ. ಇವನ್ನೆಲ್ಲ ಒಂದೊಂದಾಗಿ ಬದಿಗೆ ಸರಿಸಲು ಬಂದರೆ ಮಾತ್ರ ಉಳಿದದ್ದು ಜುಜುರಾಣಾ ಎಂದು ಖಚಿತವಾಗಿ ಹೇಳಬಹುದು. ಈ ಧ್ವನಿಮುದ್ರಣವನ್ನು ಡೊಂಬಿವಲಿಯಲ್ಲಿ ಎಷ್ಟು ಬೇಕಾದರೂ ಹಾಕಿಕೊಳ್ಳಿ, ಕಾಡಿಗೆ ಕಾಲಿಡುವ ಮುನ್ನ ಫೋನಿನಿಂದ ಅಳಿಸಿಬಿಡಿ. ಕಾಡಿನಲ್ಲಿ ಅದನ್ನು ಹಾಕಿದರೆ ತನ್ನ ಎಲ್ಲೆಯೊಳಗೆ ಮತ್ತೊಂದು ಗಂಡು ಬಂದಿತೆಂದು ಹಕ್ಕಿ ಮೇಯುವುದನ್ನು, ಹೆಣ್ಣಿನ ಬಳಿ ಇರುವುದನ್ನು ಬಿಟ್ಟು ಕಾದಾಡಲು ಬರುತ್ತದೆ, ಇಲ್ಲವೇ ಹೆದರಿ ಬಾಯಿ ಮುಚ್ಚುತ್ತದೆ. ಒಳ್ಳೆಯ ಫೋಟೋಗಳ ಹಿಂದೆ ಇಂಥ ಮೋಸ ಎಷ್ಟಿದೆಯೋ ಎಂಬ ಅನುಮಾನ ನನಗೆ ಆಗಾಗ ಬರುತ್ತದೆ.

ಸಾಮಾನಿನಲ್ಲಿ ದುರ್ಬೀನು 8x42, ಅಂದರೆ ಎಂಟು ಪಟ್ಟು ಹಿಗ್ಗಿಸುವುದು, ಇದ್ದರೆ ಸಾಕು; ಮಬ್ಬು ಬೆಳಕಿನಲ್ಲಿ ಅದಕ್ಕಿಂತ ಹೆಚ್ಚು ಹಿಗ್ಗಿಸುವುದು ಕೈನಡುಕವನ್ನೇ ಹಿಗ್ಗಿಸುತ್ತದೆ. ಕೆಂಪು ಬೆಳಕಿನ ತಲೆದೀಪ, ಪೆನ್ಸಿಲ್ (ಚಳಿಗೆ ಪೆನ್ನು ಕೈಕೊಡುತ್ತದೆ), ಗಟ್ಟಿ ರಟ್ಟಿನ ಪುಸ್ತಕ, ಕುಳಿತುಕೊಳ್ಳಲು ಒಂದು ಚಾಪೆತುಂಡು ಇವು ಬೇಕು. ಬಟ್ಟೆಯ ವಿಷಯದಲ್ಲಿ ನನ್ನ ಅನುಭವವನ್ನು ಕೇಳಿ. ದಾದರಿನ ಅಂಗಡಿಯೊಂದರಲ್ಲಿ ಬೆಲೆಬಾಳುವ ನೈಲಾನ್ ಜಾಕೆಟ್ಟನ್ನು ಕೊಂಡು, ಮಳೆಗೂ ಚಳಿಗೂ ಇದೇ ಸಾಕೆಂದು ಹೆಮ್ಮೆಯಿಂದ ಹೋಗಿದ್ದೆ. ಮೊದಲ ಬೆಳಿಗ್ಗೆ ಕತ್ತಲಲ್ಲಿ ನಾನು ಕೈ ಎತ್ತಿದರೆ ಸರ್ರ್, ತಿರುಗಿದರೆ ಸರ್ರ್, ಉಸಿರೆಳೆದರೂ ಸಣ್ಣಗೆ ಸರಸರ. ಮಾರ್ಗದರ್ಶಿ ಹತ್ತು ನಿಮಿಷ ಸಹಿಸಿಕೊಂಡು, ಕೊನೆಗೆ ಏನೂ ಹೇಳದೆ ತನ್ನ ಹೆಗಲ ಮೇಲಿದ್ದ ಉಣ್ಣೆಯ ಪಟ್ಟು ಬಿಚ್ಚಿ ನನ್ನ ಕೈಗಿಟ್ಟು, ಜಾಕೆಟ್ಟನ್ನು ಬಿಚ್ಚೆಂದು ಬೆರಳಲ್ಲಿ ತೋರಿಸಿದ. ಆದ್ದರಿಂದ ಹೊರಗಿನ ಪದರ ಉಣ್ಣೆಯದೋ ಫ್ಲೀಸಿನದೋ ಇರಲಿ, ಬಣ್ಣ ಮಣ್ಣಿನದೋ ಪಾಚಿಯದೋ ಇರಲಿ, ಮಳೆಯಂಗಿ ಚೀಲದೊಳಗಿರಲಿ. ಚಿಪ್ಸಿನ ಪೊಟ್ಟಣಗಳ ಸದ್ದೂ ಇದೇ ಬಗೆಯದು. ತಿನ್ನಲು ಮನೆಯಿಂದಲೇ ಕೊಬ್ಬರಿ ಬೆಲ್ಲ, ಕಡಲೆ, ಚಟ್ನಿಪುಡಿ ಕಲಸಿದ ಅವಲಕ್ಕಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡು ಹೋದರೆ ಸದ್ದೂ ಇಲ್ಲ, ಕಸವೂ ಇಲ್ಲ.

ರಾತ್ರಿ ರೋಲ್ಲಾದಲ್ಲಿ ಉಳಿದು ಬೆಳಿಗ್ಗೆ ಕೇಳಿದರಾಯಿತೆಂದು ಉಳಿಯಬೇಡಿ. ನದಿಯ ಮೊರೆತದಲ್ಲಿ ಪಕ್ಕದವನ ಮಾತೇ ಕೇಳಿಸುವುದಿಲ್ಲ. ಮೇಲೆ, ತೊರೆಗಳ ಸದ್ದು ಕೆಳಗುಳಿಯುವ ಕೋಡಿನ ಮೇಲೆ, ಮೂರು ಬೆಳಗುಗಳಾದರೂ ನಿಮ್ಮ ಕೈಯಲ್ಲಿರುವಂತೆ ದಿನಗಳನ್ನು ಹೊಂದಿಸಿಕೊಳ್ಳಿ. ಮೂರರಲ್ಲಿ ಒಂದು ಮಳೆಗೆ, ಒಂದು ಗಾಳಿಗೆ ಹೋದರೂ ಒಂದು ಉಳಿಯುತ್ತದೆ. ಎರಡೂವರೆ ಸಾವಿರ ಮೀಟರಿನ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ ಬರುತ್ತದೆ. ಹಾಗಾದವರು ಇನ್ನೂ ಮೇಲೇರದೆ ವಿಶ್ರಮಿಸಬೇಕು, ಕಡಿಮೆಯಾಗದಿದ್ದರೆ ಕೆಳಗಿಳಿಯಬೇಕು, ಹಕ್ಕಿಯ ಆಸೆಗೆ ಅದನ್ನು ಮುಚ್ಚಿಡಬಾರದು. ಮಧ್ಯಾಹ್ನ ತಲುಪಿದ ದಿನವೇ ಮರುದಿನ ಕೂರುವ ಜಾಗವನ್ನು ಹಗಲಿನಲ್ಲಿ ನೋಡಿಕೊಂಡು ಬನ್ನಿ: ಕೆಳಗೆ ರಿಂಗಾಲ್ ತುಂಬಿದ ಇಳಿಜಾರು, ಹಿಂದೆ ಒರಗಲು ಮರವೋ ಬಂಡೆಯೋ, ದಾರಿಯಿಂದ ನಾಲ್ಕು ಹೆಜ್ಜೆಗಿಂತ ಒಳಗಿಲ್ಲದ್ದು. ಕತ್ತಲಲ್ಲಿ ಎಡವಿಸುವ ಕೊಂಬೆಗಳನ್ನು ಆಗಲೇ ಸರಿಸಿಡಿ.

ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಐದೂವರೆಯ ಹೊತ್ತಿಗೇ ಹುಟ್ಟುವುದರಿಂದ ನಾಲ್ಕೂಕಾಲಿಗೆ ನೀವು ಕುಳಿತಿರಬೇಕು. ಕುಳಿತ ಮೇಲೆ ದೀಪ ಆರಿಸಿ. ಟೋಪಿಯನ್ನು ಕಿವಿಯ ಮೇಲಕ್ಕೆ ಸರಿಸಿಕೊಳ್ಳಿ, ಚಳಿಯಾದರೂ ಸರಿಯೇ. ಬಾಯನ್ನು ಸ್ವಲ್ಪ ತೆರೆದಿಟ್ಟುಕೊಂಡರೆ ಉಸಿರಿನ ಸದ್ದು ತಗ್ಗುತ್ತದೆ. ಅಂಗೈಗಳನ್ನು ಬಟ್ಟಲು ಮಾಡಿ ಕಿವಿಯ ಹಿಂದೆ ಹಿಡಿದು ತಲೆಯನ್ನು ನಿಧಾನವಾಗಿ ಎಡಬಲಕ್ಕೆ ತಿರುಗಿಸಿದರೆ ದೂರದ ದನಿಯ ದಿಕ್ಕು ತಿಳಿಯುತ್ತದೆ. ನನ್ನ ಮೂರನೆಯ ಪ್ರವಾಸದ ಎರಡನೆಯ ಬೆಳಿಗ್ಗೆ, ಇನ್ನೂ ಬೆರಳುಗಳು ಕಾಣದ ಕತ್ತಲಲ್ಲಿ, ಮೊದಲು ಕೊಕ್ಲಾಸ್ ಒಂದೆರಡು ಸಲ ಒದರಿ ಸುಮ್ಮನಾಯಿತು. ಆಮೇಲೆ ಬಲಗಡೆಯ ಕಮರಿಯ ಆಚೆಯಿಂದ ಆ ಅಳು ಎದ್ದಿತು. ಏಳೆಂಟು ಸಲ ಒಂದೇ ಅಂತರದಲ್ಲಿ ಕೂಗಿ, ನಿಂತು, ಮತ್ತೆ ಕೂಗಿತು. ನಾನು ಎದ್ದು ಆ ಕಡೆ ಹೋಗುವವನಿದ್ದೆ. "ಬಸ್, ಬೈಠ್ ಜಾಓ ಸಾಬ್," ಎಂದು ಮಾರ್ಗದರ್ಶಿ ನನ್ನ ತೋಳು ಹಿಡಿದು ಕೂರಿಸಿದ. ಐದು ನಿಮಿಷದ ಮೇಲೆ ಎಡಗಡೆಯ ಇಳಿಜಾರಿನಿಂದ, ಬಹಳ ಹತ್ತಿರದಿಂದ, ಇನ್ನೊಂದು ಗಂಡು ಉತ್ತರ ಕೊಟ್ಟಿತು. ನಾನು ಎದ್ದು ನಡೆದಿದ್ದರೆ ಇದು ಬಾಯಿ ಬಿಡುತ್ತಲೇ ಇರಲಿಲ್ಲ. ಬೆಳಕು ಬಿಟ್ಟ ಮೇಲೆ ಆ ಕಡೆಯ ರಿಂಗಾಲಿನ ನಾಲ್ಕಾರು ತುದಿಗಳು ಗಾಳಿಯಿಲ್ಲದೆಯೇ ಅಲುಗಿದವು, ಒಂದು ಬಂಡೆಯ ಅಂಚಿನಲ್ಲಿ ಕಿತ್ತಳೆಗೆಂಪು ಕತ್ತೊಂದು ಎದ್ದು ಎರಡು ಉಸಿರಿನಷ್ಟು ಹೊತ್ತು ನಿಂತು ಇಳಿದುಹೋಯಿತು. ದುರ್ಬೀನು ನನ್ನ ತೊಡೆಯ ಮೇಲೆಯೇ ಇತ್ತು.

ಕೂಗಿನ ಜಾಡು ಹಿಡಿದು ಹೋಗಬಾರದು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣವೂ ಇದೆ. ಹೆಚ್ಚಿನ ಫೆಸೆಂಟ್‌ಗಳು ನೆಲದಲ್ಲಿ ಗೂಡು ಮಾಡಿದರೆ ಟ್ರಾಗೋಪಾನ್‌ಗಳು ಮರದ ಮೇಲೆ ಮಾಡುತ್ತವೆ, ಮೇ ತಿಂಗಳಲ್ಲಿ ಹೆಣ್ಣು ಮೂರರಿಂದ ಆರು ಮೊಟ್ಟೆಗಳ ಮೇಲೆ ಕೂತಿರುವ ಸಂಭವವಿದೆ. ಅದನ್ನು ಎಬ್ಬಿಸಿದರೆ ಮೊಟ್ಟೆಗಳು ಆ ಚಳಿಯಲ್ಲಿ ತಣ್ಣಗಾಗುತ್ತವೆ, ಮರ ಹತ್ತುವ ಮಾರ್ಟೆನ್ ಎಂಬ ಸಣ್ಣ ಬೇಟೆಪ್ರಾಣಿಗಳ ಕಣ್ಣಿಗೂ ಬೀಳುತ್ತವೆ. ಹಳ್ಳಿಯವರು ಗುಚ್ಛಿ ಎಂಬ ಅಣಬೆಯನ್ನು ಆರಿಸಲು ಕಾಡು ಹೊಗುವುದೂ ವಸಂತದ ಇದೇ ದಿನಗಳಲ್ಲಿ. ಒಣಗಿದ ಗುಚ್ಛಿಗೆ ಪೇಟೆಯಲ್ಲಿ ಕಿಲೋಗೆ ಸಾವಿರಾರು ರೂಪಾಯಿ ಬೆಲೆ, ಹುಡುಕುವವರು ಪೊದೆ ಪೊದೆಯನ್ನೂ ತಡವುತ್ತಾರೆ, ಕೆಲವರ ಜೊತೆ ನಾಯಿಯೂ ಇರುತ್ತದೆ. 1999ರ ಅಧಿಸೂಚನೆಯೊಂದಿಗೆ ಉದ್ಯಾನದೊಳಗೆ ಮೇಯಿಸುವ, ಆರಿಸುವ ಹಕ್ಕುಗಳು ನಿಂತವು. ತಲೆಮಾರುಗಳಿಂದ ಕಾಡನ್ನೇ ನಂಬಿದ್ದ ಮನೆಗಳಿಗೆ ಅದರಿಂದ ಆದ ನಷ್ಟ ಸಣ್ಣದಲ್ಲ. ಹೀಗಿರುವಾಗ ಬದುಕಿಗಾಗಿ ಕಾಡು ಹೊಗುವವರನ್ನು ತಡೆದು, ಫೋಟೋಗಾಗಿ ಹೊಗುವ ನಮಗೆ ಪೊದೆ ತುಳಿಯಲು ಬಿಡುವುದು ಯಾವ ನ್ಯಾಯ? ಮಾರ್ಗದರ್ಶಿಗೆ, ಅಡುಗೆಯವನಿಗೆ, ಹೊರೆ ಹೊರುವವನಿಗೆ ಕೊಡುವ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ ಎಂದು ನಾನು ಒತ್ತಿ ಹೇಳುವುದೂ ಇದಕ್ಕಾಗಿಯೇ. ನಿಂತ ಕಾಡಿನಿಂದ ಅವರ ಮನೆಗೆ ಬರುವ ದುಡ್ಡು ಈಗ ಅಷ್ಟೇ.

ಮಂಡಿನೋವಿನವರು, ಹಿರಿಯರು, ಸಣ್ಣ ಮಕ್ಕಳಿರುವವರು ಶಿಲ್ಟ್ ಹತ್ತಲಾರರು. ಅವರಿಗೆ ಶಿಮ್ಲಾ ಜಿಲ್ಲೆಯ ಸರಾಹನ್ ಇದೆ. ಅಲ್ಲಿಯ ಭೀಮಾಕಾಳಿ ದೇವಸ್ಥಾನದ ಮೇಲ್ಗಡೆ ಅರಣ್ಯ ಇಲಾಖೆಯ ಫೆಸೆಂಟ್ ಸಾಕಣೆ ಕೇಂದ್ರವಿದ್ದು, ಜುಜುರಾಣಾವನ್ನು ಪಂಜರದಲ್ಲಿ ಮರಿಮಾಡಿಸುವ ಕಷ್ಟದ ಕೆಲಸವನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದೆ; ಹತ್ತಿರದ ದಾರನ್‌ಘಾಟಿ ಅಭಯಾರಣ್ಯಕ್ಕೆ ಇಲ್ಲಿಯ ಹಕ್ಕಿಗಳನ್ನು ಬಿಡುವ ಪ್ರಯತ್ನವೂ ಇತ್ತೀಚಿನ ವರ್ಷಗಳಲ್ಲಿ ನಡೆದಿದೆ. ಮರಿಮಾಡುವ ಕಾಲದಲ್ಲಿ ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ, ಬಿಡದಿದ್ದರೆ ಜಗಳ ಕಾಯಬೇಡಿ.

ಊರಿಗೆ ಮರಳುವ ಮುನ್ನ ಒಂದು ಕೆಲಸ ಬಾಕಿಯಿರುತ್ತದೆ. ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಒಂದು ಹಾಳೆಗೆ ಚೊಕ್ಕಟವಾಗಿ ಇಳಿಸಿ ಸಾಯಿ ರೋಪಾದ ಕಚೇರಿಯಲ್ಲಿ ಕೊಟ್ಟು ಬನ್ನಿ: ದಿನಾಂಕ, ಕುಳಿತ ಜಾಗ, ಎಷ್ಟರಿಂದ ಎಷ್ಟು ಗಂಟೆಯವರೆಗೆ ಕುಳಿತಿದ್ದಿರಿ, ಗಾಳಿ ಮಳೆ ಹೇಗಿತ್ತು, ಪ್ರತಿ ಕೂಗಿನ ಗಂಟೆ ನಿಮಿಷ, ದಿಕ್ಕು, ಅಂದಾಜು ದೂರ. ಜಾಗದ ಹೆಸರನ್ನಾಗಲಿ ಗುರುತನ್ನಾಗಲಿ ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ನಾನು ಮೇಲೆ ಹೆಸರಿಸಿದ ರೋಲ್ಲಾ, ಶಿಲ್ಟ್‌ಗಳು ಚಾರಣಿಗರೆಲ್ಲ ಬಲ್ಲ ತಂಗುದಾಣಗಳು, ಆ ಕೋಡು ಯಾವುದೆಂದು ನಾನೂ ಬರೆದಿಲ್ಲ. ಏನೂ ಕೇಳಿಸದ ಬೆಳಗಿನ ಹಾಳೆಯನ್ನು ಹರಿದು ಹಾಕದೆ ಅದನ್ನೂ ಸೇರಿಸಿ ಕೊಡಿ, ಇಲ್ಲದಿದ್ದರೆ ಎರಡು ದಿನ ಕೇಳಿಸಿತೆಂಬ ನಿಮ್ಮ ಲೆಕ್ಕ ಎರಡರಲ್ಲಿ ಎರಡೋ ಐದರಲ್ಲಿ ಎರಡೋ ಎಂಬುದು ಅಲ್ಲಿ ಓದುವವರಿಗೆ ತಿಳಿಯುವುದಿಲ್ಲ.